ಗುಜರಿ ಕಾರುಗಳ ಪಂದ್ಯಕ್ಕೆ ಮಕ್ಕಳನ್ನು ಕರೆದೊಯ್ಯಬಹುದೇ?

ಮೋಟಾರು ಪಂದ್ಯ ಎಂದರೆ ಹಣವಂತರ ಆಟ ಎಂಬ ನಂಬಿಕೆಯನ್ನು ಅಮೆರಿಕದಲ್ಲಿ ಚೆನ್ನಾಗಿಯೇ ಅಲುಗಾಡಿಸಿದ್ದು ‘24 ಅವರ್ಸ್ ಆಫ್ ಲೆಮನ್ಸ್’. ವಾಹನ ಪತ್ರಕರ್ತ ಜೇ ಲ್ಯಾಮ್ 2006ರಲ್ಲಿ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಟ್ರ್ಯಾಕಿನಲ್ಲಿ ಇದನ್ನು ಶುರು ಮಾಡಿದರು. ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ನಡೆಯುವ ಪ್ರಖ್ಯಾತ 24 ಗಂಟೆಗಳ ಪಂದ್ಯವನ್ನು ಅಣಕಿಸಿ ಇಟ್ಟ ಹೆಸರು ಇದು. ನಿಯಮ ಸರಳ: ಕಾರು ಕೊಂಡ ಬೆಲೆ, ಎಂಜಿನ್‌ಗೆ ಹಾಕಿದ ದುಡ್ಡು ಎಲ್ಲ ಸೇರಿ 500 ಡಾಲರ್ ದಾಟಬಾರದು. ಬ್ರೇಕು, ಟೈರು, ರೋಲ್ ಕೇಜ್, ಸೀಟು, ಬೆಲ್ಟುಗಳಂಥ ಜೀವ ಕಾಯುವ ಸಾಮಗ್ರಿ ಈ ಲೆಕ್ಕಕ್ಕೆ ಬರುವುದಿಲ್ಲ. ಅವುಗಳ ಖರ್ಚು ಕಾರಿನ ಬೆಲೆಯ ಹಲವು ಪಟ್ಟು ಆಗುತ್ತದೆ, ಆಗಲೇಬೇಕು. ನಾಲ್ಕಾರು ಗೆಳೆಯರು ಸೇರಿ ಗುಜರಿಗೆ ಹೋಗಬೇಕಿದ್ದ ಕಾರೊಂದನ್ನು ಎಬ್ಬಿಸಿ ನಿಲ್ಲಿಸಿ, ಸರದಿಯ ಮೇಲೆ ಓಡಿಸುತ್ತಾರೆ. ಹೆಸರಿನಲ್ಲಿ 24 ಗಂಟೆ ಇದ್ದರೂ ಬಹುಪಾಲು ಪಂದ್ಯಗಳಲ್ಲಿ ಶುಕ್ರವಾರ ತಪಾಸಣೆ, ಶನಿವಾರ ಮತ್ತು ಭಾನುವಾರ ಹಗಲು ಓಟ.

ಇಂಥ ಪಂದ್ಯಗಳಿಗೆ ಜನ ಸಂಸಾರ ಸಮೇತ ಬರುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಸೊನೋಮಾ ಟ್ರ್ಯಾಕು ಹತ್ತಿರ. ಉತ್ತರಕ್ಕೆ ಹೊರಟರೆ ವಿಲೋಸ್ ಊರಿನ ಥಂಡರ್‌ಹಿಲ್ ಕೂಡ ಸಿಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಬಹುದೇ ಎಂಬ ಪ್ರಶ್ನೆ ಅಲ್ಲಿನ ಅಪ್ಪ ಅಮ್ಮಂದಿರಿಗೆ ಬರುವುದು ಸಹಜ. ಕರೆದೊಯ್ಯಬಹುದು ಮಾತ್ರವಲ್ಲ, ಮಕ್ಕಳು ನೋಡಬೇಕಾದ ಮೋಟಾರು ಪಂದ್ಯ ಯಾವುದಾದರೂ ಇದ್ದರೆ ಅದು ಇದೇ ಎಂಬುದು ನನ್ನ ಅಭಿಪ್ರಾಯ. ಆದರೆ ಈ ಪಂದ್ಯ ಮಗುವಿಗೆ ಒಳ್ಳೆಯದಾಗಲು ಒಂದು ಷರತ್ತಿದೆ. ಮಗುವಿನ ಜೊತೆ ಬಂದ ಒಬ್ಬ ಹಿರಿಯರಿಗೆ ಆ ದಿನ ಮಗುವನ್ನು ನೋಡಿಕೊಳ್ಳುವುದರ ಹೊರತು ಬೇರೆ ಕೆಲಸ ಇರಬಾರದು. ಬಹಳಷ್ಟು ಕುಟುಂಬಗಳು ಎಡವುವುದು ಇಲ್ಲಿಯೇ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಫಾರ್ಮುಲಾ ಒನ್ ಪಂದ್ಯಕ್ಕೆ ಹೋದ ಮಗು ನೋಡುವುದೇನು? ದೂರದ ಗ್ಯಾಲರಿಯಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಹಾದುಹೋಗುವ ಬಣ್ಣಗಳು, ದೊಡ್ಡ ಪರದೆ. ಕಾರುಗಳ ಬಳಿ ಹೋಗುವ ಮಾತೇ ಇಲ್ಲ. ಲೆಮನ್ಸ್‌ನಲ್ಲಿ ಪ್ರೇಕ್ಷಕರ ಟಿಕೆಟ್ ಪಡೆದವರು ಪ್ಯಾಡಕ್‌ನಲ್ಲಿ, ಎಂದರೆ ತಂಡಗಳು ಬೀಡುಬಿಟ್ಟು ಕಾರು ರಿಪೇರಿ ಮಾಡುವ ಬಯಲಿನಲ್ಲಿ, ಆರಾಮವಾಗಿ ತಿರುಗಾಡಬಹುದು. ಬಾನೆಟ್ ಎತ್ತಿ ನಿಂತ ಕಾರಿನೊಳಗೆ ಇಣುಕಿ ನೋಡಿ ‘ಇದೇನು?’ ಎಂದು ಕೇಳಿದರೆ ಉತ್ತರ ಹೇಳುವವರು ಸಿಗುತ್ತಾರೆ. ಕಾರುಗಳ ವೇಷವೂ ಮಕ್ಕಳ ಕಲ್ಪನೆಗೆ ಹತ್ತಿರದ್ದು. ಟೊಯೋಟಾ ವ್ಯಾನಿನ ಮೇಲೆ ಸೆಸ್ನಾ 310 ವಿಮಾನದ ಒಡಲು ಕೂರಿಸಿ ಓಡಿಸಿದ ತಂಡವಿದೆ. ಶೆವರ್ಲೆ ಕಮಾರೊ ಕಾರಿನ ದೇಹವನ್ನು ತಲೆಕೆಳಗಾಗಿ ಫೋರ್ಡ್ ಫೆಸ್ಟಿವಾ ಮೇಲೆ ಹೊದಿಸಿ, ಮಗುಚಿಬಿದ್ದ ಕಾರೇ ಓಡುತ್ತಿದೆ ಎನ್ನಿಸುವಂತೆ ಮಾಡಿದ್ದೂ ಉಂಟು. ಕಾರು ಹೀಗೇ ಇರಬೇಕೆಂದು ಯಾರೂ ಹೇಳಿಲ್ಲವಲ್ಲ ಎಂಬುದು ಮಗುವಿಗೆ ಯಾರೂ ಹೇಳಿಕೊಡದೆ ಹೊಳೆಯುತ್ತದೆ.

ಇದಕ್ಕಿಂತ ದೊಡ್ಡ ಲಾಭ ರಿಪೇರಿಯದು. ಒಂದು ಶನಿವಾರ ಮಧ್ಯಾಹ್ನ ನೋಡಿದ್ದನ್ನು ಹೇಳುತ್ತೇನೆ. ಹಳೆಯ ಹೋಂಡಾ ಒಂದು ಹಿಂದಿನಿಂದ ಬಿಳಿ ಹೊಗೆ ಕಾರುತ್ತ ಒಳಗೆ ಬಂತು. ಆಯಿಲ್ ಮುಚ್ಚಳ ತೆಗೆದರೆ ಅದರ ಒಳಮೈಗೆ ಬಿಳಿಚಿದ ಜಿಡ್ಡು ಮೆತ್ತಿತ್ತು; ಎಂಜಿನ್ ಆಯಿಲ್‌ಗೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂಬುದಕ್ಕೆ ಅದೇ ಗುರುತು. ಹೆಡ್ ಬಿಚ್ಚಲು ಕೂತರು. ತಂಡದವರೊಬ್ಬರ ಮಗಳು, ಹತ್ತರ ಆಸುಪಾಸಿನ ಹುಡುಗಿ, ರಟ್ಟಿನ ಹಾಳೆಯೊಂದರ ಮೇಲೆ ಸಿಲಿಂಡರ್ ಹೆಡ್ಡಿನ ನಕ್ಷೆ ಬರೆದುಕೊಂಡು, ಬಿಚ್ಚಿದ ಒಂದೊಂದು ಬೋಲ್ಟನ್ನೂ ಅದರ ಜಾಗದಲ್ಲೇ ಚುಚ್ಚಿ ನಂಬರು ಹಾಕುತ್ತಿದ್ದಳು. ಗ್ಯಾಸ್ಕೆಟ್ ಕೊಟ್ಟದ್ದು ಪಕ್ಕದ ಡೇರೆಯ ಎದುರಾಳಿ ತಂಡ. ಸಂಜೆ ಬೋಲ್ಟುಗಳನ್ನು ಬಿಗಿಯುವಾಗ ಯಾವುದರ ನಂತರ ಯಾವುದು ಎಂದು ಆ ಹುಡುಗಿ ರಟ್ಟು ನೋಡಿ ಕೂಗಿ ಹೇಳುತ್ತಿದ್ದಳು, ದೊಡ್ಡವರು ಕೇಳುತ್ತಿದ್ದರು. ಅವಳ ಕೆಲಸ ಆಟದ ಕೆಲಸವಾಗಿರಲಿಲ್ಲ. ಅವಳು ತಪ್ಪಿದರೆ ಎಂಜಿನ್ ಕೆಡುತ್ತಿತ್ತು.

ಕೆಟ್ಟದ್ದನ್ನು ಎಸೆದು ಹೊಸದನ್ನು ತರಿಸುವ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಇದು ಅಪರೂಪದ ನೋಟ. ಅಪ್ಪ ಅಮ್ಮ ಇಬ್ಬರೂ ಎಂಜಿನಿಯರುಗಳಾಗಿರುವ ಕನ್ನಡ ಮನೆಗಳಲ್ಲಿ ಕೂಡ ಮಗು ಅವರ ಕೈಯಲ್ಲಿ ಸ್ಪ್ಯಾನರ್ ನೋಡಿರುವುದಿಲ್ಲ. ಕೈಗೆ ಗ್ರೀಸು ಮೆತ್ತಿಕೊಂಡು, ಒಂದು ದಾರಿ ಹತ್ತದಿದ್ದರೆ ಇನ್ನೊಂದು ಹುಡುಕಿ, ಕೊನೆಗೂ ಆಗದಿದ್ದರೆ ನಕ್ಕು ಎದ್ದುಹೋಗುವ ದೊಡ್ಡವರನ್ನು ನೋಡುವುದು ಒಂದು ಶಿಕ್ಷಣ. ಪಂದ್ಯದ ಬಹುಮಾನಗಳೂ ಇದೇ ಮೌಲ್ಯವನ್ನು ಎತ್ತಿ ಹಿಡಿಯುತ್ತವೆ. ಇಲ್ಲಿ ಎಲ್ಲಕ್ಕಿಂತ ದೊಡ್ಡ ಗೌರವ ಹೆಚ್ಚು ಲ್ಯಾಪ್ ಓಡಿದ ಕಾರಿಗೆ ಸಲ್ಲುವುದಿಲ್ಲ. ಓಡುವ ಯೋಗ್ಯತೆಯೇ ಇಲ್ಲದೆ ನಿರೀಕ್ಷೆ ಮೀರಿ ಓಡಿದ ಕಾರಿಗೆ ‘ಇಂಡೆಕ್ಸ್ ಆಫ್ ಎಫ್ಲುಯೆನ್ಸಿ’ ಎಂಬ ಹೆಸರಿನಲ್ಲಿ ಸಲ್ಲುತ್ತದೆ. ಅತ್ಯಂತ ಸಾಹಸದ ರಿಪೇರಿಗೂ ಪ್ರತ್ಯೇಕ ಪ್ರಶಸ್ತಿ ಇದೆ. ಮೊದಲ ರ‍್ಯಾಂಕ್ ಒಂದನ್ನೇ ಎಣಿಸುವ ಶಾಲೆಗಳಿಂದ ಬಂದ ಮಕ್ಕಳಿಗೆ ಈ ಅಳತೆಗೋಲು ಗೊತ್ತಾಗಬೇಕು.

ತಪ್ಪಿತಸ್ಥರ ಕಟ್ಟೆಯನ್ನೂ ಮಕ್ಕಳು ನೋಡಬೇಕು. ಟ್ರ್ಯಾಕ್ ಬಿಟ್ಟು ಹೊರಗೆ ಹೋದ, ಇನ್ನೊಂದು ಕಾರಿಗೆ ತಾಗಿಸಿದ ಚಾಲಕನಿಗೆ ಕಪ್ಪು ಬಾವುಟ ತೋರಿಸಿ ಒಳಗೆ ಕರೆಸುತ್ತಾರೆ. ತೀರ್ಪುಗಾರರ ಮುಂದೆ ನಿಂತು ಆತ ತಪ್ಪು ಒಪ್ಪಿಕೊಳ್ಳಬೇಕು. ಶಿಕ್ಷೆ ಎಂದರೆ ಕೆಲವೊಮ್ಮೆ ಕಾರಿನ ಮೇಲೆ ವಿಚಿತ್ರವಾದ ಏನನ್ನೋ ವೆಲ್ಡ್ ಮಾಡಿಸುವುದು, ಕೆಲವೊಮ್ಮೆ ನಾಲ್ಕು ಜನರ ಎದುರು ವೇಷ ಹಾಕಿಸುವುದು. ದೊಡ್ಡವರು ತಮ್ಮ ತಪ್ಪನ್ನು ಎಲ್ಲರ ಎದುರು ಒಪ್ಪಿಕೊಳ್ಳುವುದನ್ನು ನಮ್ಮ ಮನೆಗಳಲ್ಲಿ ಮಕ್ಕಳು ಎಷ್ಟು ಸಲ ನೋಡಿರುತ್ತಾರೆ? ಇಲ್ಲಿ ಒಂದು ಎಚ್ಚರ ಬೇಕು. ಎಲ್ಲರೆದುರು ನಗೆಪಾಟಲಾಗಿಸುವುದು ನ್ಯಾಯವೆನಿಸುವುದು ಒಪ್ಪಿ ಬಂದ ವಯಸ್ಕರ ನಡುವೆ ಮಾತ್ರ. ತಪ್ಪು ಮಾಡಿದವರನ್ನು ಹೀಗೆ ಹಂಗಿಸಬಹುದು ಎಂಬ ಪಾಠ ಕಲಿತು ಮಗು ಮನೆಗೆ ಮರಳಬಾರದು. ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾದವರು ತಂದೆತಾಯಿ.

ಇನ್ನು ಕೊರತೆಗಳು. ಮೊದಲನೆಯದು ಶಬ್ದ. ತಂದೆತಾಯಂದಿರು ಹೆಚ್ಚು ಹಗುರವಾಗಿ ತೆಗೆದುಕೊಳ್ಳುವುದು ಇದನ್ನೇ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಯೋಷ್ ದುಡಿಯುವ ವಯಸ್ಕರಿಗೆ ಹಾಕಿರುವ ಮಿತಿ 85 ಡೆಸಿಬಲ್, ಅದೂ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬಲ್ ಏರಿದಂತೆ ಅವಧಿ ಅರ್ಧಕ್ಕೆ ಇಳಿಯುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ 15 ನಿಮಿಷ. ಕಿವಿಗೆ ಹಾಕಿಕೊಂಡು ಹಾಡು ಕೇಳುವ ಸಾಧನಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ನಿಗದಿ ಮಾಡಿರುವ ಮಟ್ಟ ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್ ಆದರೆ ಮಕ್ಕಳಿಗೆ 75. ಸೈಲೆನ್ಸರ್ ತುಕ್ಕು ಹಿಡಿದು ಕಳಚಿಬಿದ್ದ ಕಾರುಗಳು ಬೆಳಗಿನಿಂದ ಸಂಜೆಯವರೆಗೆ ಸುತ್ತುವ ಜಾಗದಲ್ಲಿ ಈ ಮಿತಿಗಳನ್ನು ದಾಟಲು ಹೊತ್ತು ಬೇಕಿಲ್ಲ. ಕಿವಿಯೊಳಗೆ ತುರುಕುವ ಸ್ಪಂಜಿನ ಬೆಣೆಗಳು ಪುಟ್ಟ ಕಿವಿಗಳಲ್ಲಿ ಸರಿಯಾಗಿ ಕೂರುವುದಿಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ ಮಕ್ಕಳ ಅಳತೆಯ ಇಯರ್‌ಮಫ್ ಬೇಕು. ಹಾಕಿಕೊಳ್ಳಲು ಒಪ್ಪದ ಮಗುವನ್ನು, ಹಸುಗೂಸನ್ನು ಕರೆತರುವುದು ಬೇಡ. ಕಿವಿಯೊಳಗಿನ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಎರಡನೆಯದು ಮಗು ಯಾರ ಕಣ್ಣಳತೆಯಲ್ಲಿದೆ ಎಂಬ ಪ್ರಶ್ನೆ. ಪೆಟ್ರೋಲು ತುಂಬಿಸುವ ಪಿಟ್‌ಗೆ ಕಟ್ಟುನಿಟ್ಟಿನ ನಿಯಮಗಳಿವೆ. ಎಂಜಿನ್ ಆರಿಸಿ ಚಾಲಕ ಹೊರಗೆ ಬರಬೇಕು, ಪೆಟ್ರೋಲು ಸುರಿಯುವವರು ಹೆಲ್ಮೆಟ್ ಮತ್ತು ಬೆಂಕಿ ತಡೆಯುವ ಉಡುಪಿನಲ್ಲಿರಬೇಕು, ಪಕ್ಕದಲ್ಲೊಬ್ಬರು ಅಗ್ನಿಶಾಮಕ ಸಿಲಿಂಡರ್ ಹಿಡಿದು ನಿಲ್ಲಬೇಕು. ಚಿಕ್ಕ ಮಕ್ಕಳಿಗೆ ಅಲ್ಲಿ ಪ್ರವೇಶವೇ ಇಲ್ಲ. ಈ ಪಂದ್ಯದ ಅತ್ಯಂತ ಅಪಾಯದ ಜಾಗದಲ್ಲೇ ಮಗು ಅತ್ಯಂತ ಸುರಕ್ಷಿತ, ಏಕೆಂದರೆ ಅಲ್ಲಿಗೆ ಅದನ್ನು ಬಿಡುವುದೇ ಇಲ್ಲ. ತೊಂದರೆ ಇರುವುದು ಎಲ್ಲರೂ ನಿರಾಳವಾಗಿರುವ ಪ್ಯಾಡಕ್‌ನಲ್ಲಿ. ಜಾಕಿಯ ಮೇಲೆ ನಿಂತ ಕಾರು, ಆಗತಾನೆ ಓಡಿ ಬಂದು ಕಾದಿರುವ ಸೈಲೆನ್ಸರ್ ಕೊಳವೆ, ಕುದಿಯುವ ರೇಡಿಯೇಟರ್, ಹಿಂದೆ ನೋಡದೆ ರಿವರ್ಸ್ ಬರುವ ಟ್ರೇಲರ್ ಎಲ್ಲವೂ ಇರುವುದು ಅಲ್ಲೇ. ಮದುವೆ ಮನೆಯಲ್ಲಿ ಮಗುವನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದು ಎಲ್ಲರೂ ಅಂದುಕೊಂಡು ಕೊನೆಗೆ ಯಾರೂ ನೋಡಿರುವುದಿಲ್ಲವಲ್ಲ, ಇಲ್ಲೂ ಹಾಗೆಯೇ. ಅಪ್ಪ ಕಾರು ಓಡಿಸುತ್ತಿರುತ್ತಾನೆ, ಅಮ್ಮ ಲ್ಯಾಪ್ ಲೆಕ್ಕ ಬರೆಯುತ್ತಿರುತ್ತಾಳೆ, ಚಿಕ್ಕಪ್ಪ ಕಾರಿನಡಿ ಮಲಗಿರುತ್ತಾನೆ. ಪ್ರವೇಶದ್ವಾರದಲ್ಲಿ ಮಗುವಿನ ಹೆಸರಿನಲ್ಲಿ ಹೊಣೆಪತ್ರಕ್ಕೆ ಸಹಿ ಹಾಕಿದ್ದೇವಲ್ಲ ಎಂಬ ಸಮಾಧಾನ ಬೇರೆ. ಆ ಸಹಿ ಹೇಳುವುದು ಅಪಾಯ ನಿಮಗೆ ಗೊತ್ತಿದೆ ಎಂದಷ್ಟೇ. ಮಗುವಿಗೆ ಅದು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಟ್ರ್ಯಾಕಿಗೂ ಜನರಿಗೂ ನಡುವಿನ ಗೋಡೆ, ಬೇಲಿಗಳನ್ನು ಯಾರೂ ಗಮನಿಸುವುದಿಲ್ಲ. ಅವು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2024ರ ಏಪ್ರಿಲ್ 21ರಂದು ಶ್ರೀಲಂಕಾದ ದಿಯತಲಾವದಲ್ಲಿ ನಡೆದ ಫಾಕ್ಸ್ ಹಿಲ್ ಸೂಪರ್‌ಕ್ರಾಸ್‌ನಲ್ಲಿ ಕಾರೊಂದು ಹಾದಿ ತಪ್ಪಿ ಜನರ ಮೇಲೆ ನುಗ್ಗಿ 7 ಮಂದಿ ಸತ್ತರು. ಅವರಲ್ಲಿ 8 ವರ್ಷದ ಹುಡುಗಿಯೂ ಇದ್ದಳು. ಕೊಡಗು, ಚಿಕ್ಕಮಗಳೂರಿನ ಕಡೆ ಆಟೋಕ್ರಾಸ್, ರ‍್ಯಾಲಿ ನೋಡಲು ಹೋದವರಿಗೆ ಮಣ್ಣಿನ ತಿರುವಿನಲ್ಲಿ ಒಂದು ಹಗ್ಗ ಅಥವಾ ಪ್ಲಾಸ್ಟಿಕ್ ಪಟ್ಟಿಯ ಹಿಂದೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತ ಜನ ಹೊಸ ದೃಶ್ಯವಲ್ಲ. ಕಾರು ಜಾರುವುದು ತಿರುವಿನ ಹೊರಮಗ್ಗುಲಿಗೆ. ಚೆನ್ನಾಗಿ ಕಾಣುತ್ತದೆಂದು ಜನ ನಿಲ್ಲುವುದೂ ಅಲ್ಲೇ. ಆಟದ ಪ್ರೀತಿಯಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. ಪ್ರೇಕ್ಷಕರ ಜಾಗ ಗುರುತಿಸಿ ಅಲ್ಲಿಂದ ಕದಲದಂತೆ ನೋಡಿಕೊಳ್ಳುವ ಶಿಸ್ತು ಮಾತ್ರ ಇನ್ನೂ ಬರಬೇಕಿದೆ.

ಹಾಗಾದರೆ ಒಟ್ಟು ಅಭಿಪ್ರಾಯವೇನು? ಕಾಯಂ ಟ್ರ್ಯಾಕಿನಲ್ಲಿ, ಗಟ್ಟಿ ಗೋಡೆಯ ಆಚೆಗೆ ನಡೆಯುವ ಇಂಥ ಅಗ್ಗದ ಪಂದ್ಯಕ್ಕೆ, ಹೇಳಿದ ಮಾತು ಕೇಳಿ ನಿಲ್ಲುವ ವಯಸ್ಸಿನ ಮಕ್ಕಳನ್ನು ಖಂಡಿತ ಕರೆದೊಯ್ಯಿರಿ. ಸಾಧ್ಯವಾದರೆ ಶುಕ್ರವಾರದ ತಪಾಸಣೆಯ ಹೊತ್ತಿಗೇ ಹೋಗಿ. ವೇಷ ತೊಟ್ಟ ಕಾರುಗಳೆಲ್ಲ ಸಾಲಾಗಿ ನಿಂತಿರುತ್ತವೆ. ತಂಡಗಳು ತೀರ್ಪುಗಾರರಿಗೆ ಖರ್ಚಿನ ಲೆಕ್ಕ ಒಪ್ಪಿಸುವುದನ್ನು, ಮಿತಿ ಮೀರಿದವರಿಗೆ ಪ್ರತಿ 10 ಡಾಲರಿಗೆ ಒಂದು ಲ್ಯಾಪಿನಂತೆ ದಂಡ ಬೀಳುವುದನ್ನು ನೋಡಬಹುದು. ಓಟದ ದಿನವಾದರೆ ಅರ್ಧ ದಿನ ಸಾಕು. ಇಡೀ ದಿನ ನಿಲ್ಲಿಸಿದರೆ ಮಗುವಿಗೆ ಕಾರಿನ ಮೇಲಿನ ಕುತೂಹಲವೇ ಹೊರಟುಹೋಗುತ್ತದೆ. ತಂಡದಲ್ಲಿ ನೀವೇ ಓಡಿಸುವವರಾದರೆ ಮಗುವಿಗಾಗಿಯೇ ಇನ್ನೊಬ್ಬರು ಬರಲಿ, ಅವರ ಕೈಗೆ ಯಾರೂ ಸ್ಪ್ಯಾನರ್ ಕೊಡದಿರಲಿ. ಅಷ್ಟು ಏರ್ಪಾಡು ಆಗದಿದ್ದರೆ ಆ ಸಲ ಮಗುವನ್ನು ಮನೆಯಲ್ಲೇ ಬಿಡುವುದು ಸರಿ.

ನಮ್ಮ ನಾಡಿನ ಆಟೋಕ್ರಾಸ್, ರ‍್ಯಾಲಿ ಸಂಘಟಕರಲ್ಲೂ ಒಂದು ಮನವಿ. ಟ್ರೋಫಿಗೆ, ಧ್ವನಿವರ್ಧಕಕ್ಕೆ, ಶಾಮಿಯಾನಕ್ಕೆ ದುಡ್ಡು ಎತ್ತಿಡುವ ಮೊದಲು ಪ್ರೇಕ್ಷಕರ ಬೇಲಿಗೆ ಎತ್ತಿಡಿ. ಕಾರುಗಳು ನಿಂತ ಮೇಲೆ ಮಕ್ಕಳನ್ನು ಒಳಗೆ ಬಿಟ್ಟು ಎಂಜಿನ್ ತೋರಿಸಲು ಒಂದು ಗಂಟೆ ಮೀಸಲಿಡಿ. ಈ ಎರಡು ಆಗುವವರೆಗೆ ಮಣ್ಣಿನ ತಿರುವಿನ ಹಗ್ಗದ ಹಿಂದೆ ಯಾರೂ ಮಕ್ಕಳನ್ನು ನಿಲ್ಲಿಸಬಾರದು.