ಸೋಮವಾರದ ಸಭೆ: ಒಂದು ಪರಾಮರ್ಶೆ

ಶನಿವಾರ-ಭಾನುವಾರಗಳಲ್ಲಿ ಗಿರಾಕಿಗಳನ್ನು ಕರೆದೊಯ್ದು ಸೈಟು ತೋರಿಸಿ ಬಂದವರು, ಫೋನಿನ ಮುಂದೆ ಕುಳಿತು ವಿಚಾರಿಸುವವರಿಗೆ ಉತ್ತರವಿತ್ತವರು, ಕಾಗದಪತ್ರಗಳಿಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆದವರು, ಇವರೆಲ್ಲರೂ ಒಂದೇ ಮೇಜಿನ ಸುತ್ತ ಕೂಡುವ ಅವಕಾಶವು ಬೆಂಗಳೂರಿನ ರಿಯಲ್ ಎಸ್ಟೇಟ್ ಕಚೇರಿಗಳಲ್ಲಿ ಬಹುಶಃ ಸೋಮವಾರದ ಸಭೆಯೊಂದರಲ್ಲಿಯೇ ಒದಗುವುದರಿಂದ, ಆ ಒಂದು ಗಂಟೆಯ ವಿನಿಯೋಗವು ಹೇಗಾಗುತ್ತಿದೆಯೆಂಬುದು ವಿಚಾರಾರ್ಹವಾದ ಸಂಗತಿಯಾಗಿದೆ.

ರೂಢಿಯಲ್ಲಿರುವ ಕ್ರಮವು ಸರ್ವವಿದಿತ. ಎಷ್ಟು ಕಾಲ್, ಎಷ್ಟು ಸೈಟ್ ವಿಸಿಟ್, ಎಷ್ಟು ಬುಕಿಂಗ್ ಎಂದು ಒಬ್ಬೊಬ್ಬರೂ ಲೆಕ್ಕ ಒಪ್ಪಿಸುತ್ತಾರೆ. ಕಡಿಮೆ ತಂದವನು ಎಲ್ಲರೆದುರು ತಲೆ ತಗ್ಗಿಸುತ್ತಾನೆ. ತರುವಾಯ ಯಜಮಾನರ ಉಪದೇಶ. ಕಚೇರಿಯ ಬಾಡಿಗೆ-ಸಂಬಳಗಳ ಭಾರ ಹೊತ್ತವರಿಗೆ ಅಂಕಿಗಳು ಬೇಕೆಂಬುದು ನಿಜವೇ. ಆದರೆ ಕಂಪ್ಯೂಟರಿನಲ್ಲಿ ಓದಿ ತಿಳಿಯಬಹುದಾದುದನ್ನು ಬಾಯಿಂದ ಹೇಳಿಸಲು ಸಭೆಯೇಕೆ? ಇದಕ್ಕಿಂತ ಗುರುತರವಾದ ದೋಷ ಬೇರೊಂದುಂಟು. ಆಷಾಢದಲ್ಲಿ ಮುಂಗಡ ಕೊಡಲು ಜನ ಹಿಂಜರಿಯುವರು, ಶ್ರಾವಣ ಹುಟ್ಟಿದೊಡನೆ ತಾವಾಗಿ ಬರುವರು; ಈ ಏರಿಳಿತದ ಹೊಣೆಯನ್ನು ಮಾರಾಟದ ಹುಡುಗನ ತಲೆಗೆ ಕಟ್ಟಿದಾಗ ಅವನು ಮುಂದಿನ ವಾರದ ಅವಮಾನಕ್ಕೆ ಅಂಜಿ, ಸುಮ್ಮನೆ ಬೆಲೆ ಕೇಳಿ ಹೋದವರನ್ನೂ ಖಚಿತ ಗಿರಾಕಿಗಳೆಂದು ಬರೆದಿಡುತ್ತಾನೆ. ಹೀಗೆ ಯಜಮಾನರ ಕೈಗೆ ಬರುವ ಅಂಕಿಯೂ ಸುಳ್ಳಾಗುತ್ತದೆ.

ವ್ಯಕ್ತಿಗಳನ್ನು ಬಿಟ್ಟು ಫೈಲುಗಳನ್ನು ವಿಚಾರಣೆಗೆತ್ತಿಕೊಳ್ಳುವ ಪದ್ಧತಿಯು ಇದಕ್ಕಿಂತ ಶ್ರೇಯಸ್ಕರವಾದುದು. ಹೊರವಲಯದ ಒಂದು ನಿವೇಶನದ ಫೈಲು ಮೇಜಿಗೆ ಬಂದಿದೆಯೆನ್ನಿ. "ಇ.ಸಿ. ಕ್ಲಿಯರ್ ಇದೆ ಸಾರ್" ಎನ್ನುತ್ತಾನೆ ಹುಡುಗ. "ಯಾವ ವರ್ಷದಿಂದಪ್ಪಾ?" ಎಂದು ಕೇಳುತ್ತಾರೆ ದಾಖಲೆ ನೋಡುವ ಹಿರಿಯರು. ಅವನು ಆನ್‌ಲೈನಿನಲ್ಲಿ ತೆಗೆಸಿದ ಇ.ಸಿ., ಅಂದರೆ ಋಣಭಾರ ಪತ್ರವು, 2004ರ ಏಪ್ರಿಲ್‌ನಿಂದೀಚಿನ ವ್ಯವಹಾರಗಳನ್ನಷ್ಟೇ ತೋರಿಸುವುದರಿಂದ, ಅದಕ್ಕೂ ಹಿಂದಿನ ಕ್ರಯ, ಅಡಮಾನ, ವಿಭಾಗಪತ್ರಗಳನ್ನು ಹಳೆಯ ರಿಜಿಸ್ಟರುಗಳಲ್ಲಿ ಹುಡುಕಿಸಬೇಕಾಗುತ್ತದೆ. ಜಮೀನು ಮೂಲತಃ ಸರ್ಕಾರದಿಂದ ಮಂಜೂರಾದುದೇ ಎಂದು ಮತ್ತೊಬ್ಬರು ಕೇಳುತ್ತಾರೆ. ಪರಿಶಿಷ್ಟ ಜಾತಿ-ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯಿದೆ ನಿಷೇಧಿಸಿದೆಯಷ್ಟೆ. ಹಳೆಯ ಇ.ಸಿ.ಗೆ ಅರ್ಜಿ ಹಾಕುವ ಕೆಲಸ ಒಬ್ಬನ ಹೆಸರಿಗೆ, ಗುರುವಾರದ ಗಡುವಿನೊಡನೆ, ದಾಖಲಾಗುತ್ತದೆ. ಅಲ್ಲಿಯವರೆಗೆ ಗಿರಾಕಿಯಲ್ಲಿ ಮುಂಗಡದ ಮಾತೆತ್ತಕೂಡದೆಂಬುದು ಫೋನ್ ಮಾಡುವ ಹುಡುಗಿಗೂ ಅಲ್ಲಿಯೇ ತಿಳಿಯುತ್ತದೆ. ಮಾತು ಕೊಡುವವರಿಗೂ ದಾಖಲೆ ಬಲ್ಲವರಿಗೂ ಇರುವ ಅಂತರವನ್ನು ಹೀಗೆ ತೊಡೆಯಬಲ್ಲ ಸಾಧನ ಸಭೆಯಲ್ಲದೆ ಬೇರಿಲ್ಲ.

2016ರ ರೇರಾ ಕಾಯಿದೆಯು ಏಜೆಂಟರಿಗೂ ನೋಂದಣಿಯನ್ನು ವಿಧಿಸಿ, ನೋಂದಾಯಿಸಬೇಕಾದ ಯೋಜನೆಯನ್ನು ನೋಂದಾಯಿಸದೆ ಮಾರಿಸಕೂಡದೆಂದೂ ಸುಳ್ಳು ಭರವಸೆ ಕೊಡಕೂಡದೆಂದೂ ಕಟ್ಟುಪಾಡು ಮಾಡಿದ ಮೇಲಂತೂ ಈ ವಿಚಾರಣೆ ಐಚ್ಛಿಕವಾಗಿ ಉಳಿದಿಲ್ಲ.

ಈ ಪದ್ಧತಿಯೂ ನಿರ್ದೋಷವಾದುದಲ್ಲ. ಎಲ್ಲ ಫೈಲುಗಳನ್ನೂ ಬಿಚ್ಚಹೊರಟರೆ ಮಧ್ಯಾಹ್ನದ ಊಟದ ವೇಳೆಗೂ ಮುಗಿಯದು. ಬಲ್ಲ ಹಿರಿಯರ ಪ್ರಶ್ನೆ ಪಾಂಡಿತ್ಯಪ್ರದರ್ಶನಕ್ಕೆ ತಿರುಗಿದರೆ ಕಿರಿಯರು ಮತ್ತೆ ಬಾಯಿ ಮುಚ್ಚುವರು. ಆದುದರಿಂದ ನಿಂತುಹೋದ ಫೈಲುಗಳನ್ನು ಮಾತ್ರ ಆರಿಸಿ, ತೊಡಕು ಕಂಡವನಿಗೇ ಮೊದಲ ಮಾತು ಬಿಟ್ಟುಕೊಟ್ಟು, ಯಜಮಾನರು ಕೊನೆಯಲ್ಲಿ ಮಾತಾಡುವುದು ಯುಕ್ತ. ಯಾವ ವ್ಯವಹಾರ ಮುಂದುವರಿಯಬೇಕು, ಯಾವುದು ನಿಲ್ಲಬೇಕು, ಅದಕ್ಕೆ ಯಾರು ಹೊಣೆ ಎಂಬ ಮೂರಕ್ಕೆ ಉತ್ತರ ದೊರಕದ ಸಭೆಯನ್ನು ರದ್ದುಮಾಡಿ, ಆ ಹೊತ್ತಿನಲ್ಲಿ ಒಬ್ಬನನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕಳುಹಿಸುವುದೇ ಮೇಲು.