ಎರವಲು ಟೈರಿನ ಪರೀಕ್ಷೆ

ನಮ್ಮ ಲಕ್ಕುಂಡಿಗೆ ಶಾಸನ ಓದುವವರು ಬಂದರೆ ಕಲ್ಲಿನ ಮೇಲೆ ಒದ್ದೆ ಕಾಗದ ಹೊದಿಸಿ, ಮಸಿ ಒತ್ತಿ ಅಕ್ಷರ ಎತ್ತಿಕೊಳ್ಳುತ್ತಾರೆ. 2022ರಲ್ಲಿ ನಮ್ಮ ಹದಿನೈದು ವರ್ಷದ ಮಾರುತಿ 800ಕ್ಕೆ ಎಫ್.ಸಿ. ಮಾಡಿಸಲು ಹೋದಾಗ ಅಂಥದೇ ಕೆಲಸ ಕಂಡೆ. ಚಾಸಿ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ತಿಕ್ಕಿದರು, ನಂಬರು ಮೂಡಿತು. ಶಾಸನದವರು ಅಕ್ಷರ ಸಿಕ್ಕ ಮೇಲೆ ಅರ್ಥಕ್ಕೆ ಕೈ ಹಾಕುತ್ತಾರೆ. ನಮ್ಮ ಕಾರಿನ ಪರೀಕ್ಷೆ ಹೆಚ್ಚುಕಡಿಮೆ ಅಕ್ಷರಕ್ಕೇ ಮುಗಿಯಿತು. ಹಾರ್ನು, ದೀಪ, ವೈಪರು, ಸುತ್ತ ಒಂದು ಪ್ರದಕ್ಷಿಣೆ; ಐದು ವರ್ಷಕ್ಕೆ ನೋಂದಣಿ ನವೀಕರಣವಾಯಿತು.

ಅವರನ್ನಷ್ಟೇ ದೂರುವ ಹಾಗಿಲ್ಲ. ನಾವು ತೋರಿಸಿದ ಕಾರನ್ನು ಅವರು ನೋಡಿದರು. ಹಿಂದಿನ ದಿನವೇ ತುಕ್ಕಿನ ಮೇಲೆ ಬಣ್ಣ ಹೊಡೆಸಿ, ಗ್ಯಾರೇಜಿನಿಂದ ನಾಲ್ಕು ಒಳ್ಳೆಯ ಟೈರು ಎರವಲು ತಂದು ಹಾಕಿಸಿದ್ದೆವು. ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆಯವರು, "ಹೆಣ್ಣು ನೋಡಾಕ ಬಂದಾಗ ಬಾಜೂ ಮನಿ ಸರ ತಂದು ಹಾಕ್ತಿದ್ರಲ್ಲ, ಹಂಗಾತು ನೋಡವ್ವಾ" ಎಂದರು. ಎಲ್ಲರೂ ನಕ್ಕೆವು. ಅಲ್ಲಿ ಮೋಸಹೋಗುತ್ತಿದ್ದವರು ಬೀಗರು. ಇಲ್ಲಿ? ಹಿಂದಿನ ಸೀಟಿನಲ್ಲಿ ಕೂರುವವರು ನಮ್ಮ ಮಕ್ಕಳೇ.

ನಿಯಮವೇನೂ ಪೊಳ್ಳಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಟೈರಿನ ಗೀರು 1.6 ಮಿಲಿಮೀಟರಿಗಿಂತ ಸವೆದಿರಬಾರದು. ಗಂಟೆಗೆ 30 ಕಿಲೋಮೀಟರ್ ವೇಗದ ಕಾರು ಬ್ರೇಕ್ ಒತ್ತಿದ ಮೇಲೆ 13 ಮೀಟರಿನೊಳಗೆ ನಿಲ್ಲಬೇಕು. ಎರಡು ಸೀರೆ ಉದ್ದಕ್ಕೆ ಹಾಸಿ ಇನ್ನೆರಡು ಮೀಟರು ಸೇರಿಸಿದಷ್ಟು ದೂರ. ಬಾಡಿಗೆ ಕಾರಿಗೆ ಎಂಟು ವರ್ಷ ದಾಟಿದರೆ ವರ್ಷಕ್ಕೊಮ್ಮೆ ತಪಾಸಣೆ. ಸ್ವಂತ ಕಾರಿಗೆ ಮೊದಲ ಸಲ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ. ಗದಗ-ಕೊಪ್ಪಳ ಹೆದ್ದಾರಿಗೆ ಈ ಭೇದ ಗೊತ್ತಿದೆಯೇ?

ಅದರ ಮೇಲೆ ಶುಲ್ಕ. 2022ರ ಏಪ್ರಿಲ್ 1ರಿಂದ ಅದು 600 ರೂಪಾಯಿಯಿಂದ 5000ಕ್ಕೆ ಏರಿತು. ಚೆನ್ನಾಗಿ ಇಟ್ಟುಕೊಂಡ ಕಾರಿಗೂ, ಹಾಳುಗೆಡವಿದ ಕಾರಿಗೂ ಒಂದೇ ದರ. "ಐದು ಸಾವಿರ ಕಟ್ಟಿದ ಮೇಲೆ ಟೈರಿಗೆ ರೊಕ್ಕ ಎಲ್ಲಿಂದ ತರ್ಲಿ?" ಎಂಬುದು ನಮ್ಮನೆಯವರ ವಾದ. ಎರವಲು ಹುಟ್ಟಿದ್ದು ಹೀಗೆ. 2021ರ ನಿಯಮಗಳು ಯಂತ್ರದಿಂದ ತಪಾಸಣೆ ಮಾಡುವ ಕೇಂದ್ರಗಳಿಗೆ ದಾರಿ ಮಾಡಿವೆ. ಅಲ್ಲಿ ಉರುಳೆಗಳ ಮೇಲೆ ಚಕ್ರ ನಿಲ್ಲಿಸಿ ಬ್ರೇಕಿನ ಬಲ ಅಳೆಯುತ್ತಾರಂತೆ. ಒಳ್ಳೆಯದೇ. ಆದರೆ ಟೈರು ಯಾರದೆಂದು ಆ ಯಂತ್ರಕ್ಕೂ ತಿಳಿಯದು.

ಮರುದಿನ ಎರವಲು ಟೈರು ಗ್ಯಾರೇಜಿಗೆ ಹೋದವು, ಸವೆದವು ಮತ್ತೆ ಬಂದವು. ಭಾನುವಾರ ಹೊಲದ ಕಡೆಯ ಖಾಲಿ ರಸ್ತೆಯಲ್ಲಿ ಹಗ್ಗದಿಂದ 13 ಮೀಟರು ಅಳೆದು, ರಂಗೋಲಿ ಪುಡಿಯಿಂದ ಗೆರೆ ಎಳೆದು, "ಈಗ ಹೊಡೀರಿ ನೋಡೋಣು" ಎಂದೆ. ಕಾರು ಗೆರೆ ದಾಟಿ ಎರಡು ಮಾರು ಮುಂದೆ ಹೋಗಿ ನಿಂತಿತು. ಇಬ್ಬರೂ ಮಾತಾಡದೆ ಮನೆಗೆ ಬಂದೆವು. ಆ ತಿಂಗಳು ನಾನು ಎತ್ತಿದ ಚೀಟಿಯ ಹಣ ಟೈರಿಗೂ ಬ್ರೇಕಿಗೂ ಹೋಯಿತು.