ಎರಡು ತೂಬು, ಒಂದು ಕೆರೆ: ಅಗರದ ಶಾಸನದ ಮರುಓದು

ಬೇಗೂರಿನ ‘ಬೆಂಗಳೂರು ಕಾಳಗ’ದ ಶಾಸನ (ಸು. 890) ಈಗ ಶಾಲೆ ಮಕ್ಕಳಿಗೂ ಗೊತ್ತು. ಊರಿನ ಹೆಸರು ಅದರಲ್ಲಿದೆಯಲ್ಲ! ಅದಕ್ಕಿಂತ ಸ್ವಲ್ಪ ಹಳೆಯದಾದ, ಅಲ್ಲಿಂದ ದೂರವೂ ಇಲ್ಲದ ಅಗರದ ಶಾಸನವನ್ನು (ಸು. 870) ಮಾತ್ರ ಕೇಳುವವರು ಕಡಿಮೆ. ಅದರಲ್ಲಿ ಕಾಳಗವಿಲ್ಲ, ಸತ್ತ ವೀರನಿಲ್ಲ, ಇರೋದು ಬರೀ ಕೆರೆ ಕೆಲಸ. ಈ ಅಸಡ್ಡೆ ನಮ್ಮ ಓದಿನ ದೋಷ ಅನ್ನೋದು ನನ್ನ ತಕರಾರು.

ಶಾಸನದ ಸಾರ ಇಷ್ಟು. ಗಂಗರ ಸತ್ಯವಾಕ್ಯ ಪೆರ್ಮಾನಡಿಯ ಕಾಲ, ನಾಗತ್ತರನ ಆಡಳಿತ. ಇರ್ವುಲಿಯೂರಿನ ಒಡೆಯ ಇರುಗಮಯ್ಯನ ಮಗ ಸಿರಿಮಯ್ಯ ಎರಡು ಕೆರೆಗಳಿಗೆ ತೂಬು ಇಡಿಸಿದ, ಮೂಡಣ ಕೆರೆಯನ್ನು ಕಟ್ಟಿಸಿದ, ಬಿತ್ತುವಟ್ಟ ಪಡೆದ.

ಇದನ್ನು ಸಾಮಾನ್ಯವಾಗಿ ಹೇಗೆ ಓದುತ್ತೇವೆ? ಮೊದಲು ರಾಜ ಯಾರು, ಅವನು ಒಂದನೆಯವನೋ ಎರಡನೆಯವನೋ, ನಾಗತ್ತರ ಯಾವ ವಂಶದವನು. ಅಲ್ಲಿಗೆ ಓದು ಮುಗೀತು. ಈ ಚಾಳಿ ಹಳೆಯದು. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ (1905) ಪೀಠಿಕೆ ಸಾಗುವುದು ರಾಜವಂಶಗಳ ಸಾಲಿನಲ್ಲೇ: ಗಂಗರು, ಚೋಳರು, ಹೊಯ್ಸಳರು, ವಿಜಯನಗರ. ಆ ಕಾಲಕ್ಕೆ ಅದು ಸರಿ. ಕಾಲಾನುಕ್ರಮದ ಬುನಾದಿಯೇ ಇಲ್ಲದಿದ್ದಾಗ ಅದನ್ನು ಹಾಕಿಕೊಟ್ಟವರು ಅವರು. ನೂರಿಪ್ಪತ್ತು ವರ್ಷವಾದರೂ ನಾವು ಬುನಾದಿಯ ಮೇಲೇ ಕೂತಿದ್ದೇವೆ, ಗೋಡೆ ಎಬ್ಬಿಸಿಲ್ಲ.

ನಾನು ಇಂಜಿನಿಯರ್. ಹಳಗನ್ನಡ ಕಲಿತದ್ದು ಮೂವತ್ತು ದಾಟಿದ ಮೇಲೆ, ಗುರುವಿಲ್ಲದೆ. ಹಾಗಾಗಿ ನನ್ನ ಕಣ್ಣು ಮೊದಲು ಹೋಗೋದು ಕೆಲಸದ ಕಡೆಗೆ. ‘ಎರಡು ಕೆರೆಗೆ ತೂಬು’ ಅಂದರೆ ಆ ಎರಡು ಕೆರೆಗಳು ಸಿರಿಮಯ್ಯನಿಗಿಂತ ಮೊದಲೇ ಇದ್ದವು. ಹೊಸದಾಗಿ ಇಡಿಸಿದನೋ, ಕೆಟ್ಟದ್ದನ್ನು ಬದಲಿಸಿದನೋ, ಎರಡರಲ್ಲಿ ಯಾವುದೇ ಆದರೂ ಏರಿಯನ್ನು ಅಗೆಯಬೇಕು, ಅದೂ ನೀರು ಇಳಿದಿರುವಾಗ. ಕಲ್ಲು ತರಬೇಕು, ತೂಬಿನ ಸುತ್ತ ನೀರು ಜಿನುಗದಂತೆ ಮಣ್ಣನ್ನು ಮತ್ತೆ ಗಟ್ಟಿಮಾಡಬೇಕು. ಅದು ತಪ್ಪಿದರೆ ಮುಂದಿನ ಮಳೆಗೆ ಏರಿ ಒಡೆಯುತ್ತೆ. ಇಷ್ಟು ಅಪಾಯವನ್ನು ಯಾರೂ ಸುಮ್ಮನೆ ಮೈಮೇಲೆ ಎಳ್ಕೊಳ್ಳಲ್ಲ. ದನ ಕುಡಿಯೋಕೆ, ಬಟ್ಟೆ ಒಗೆಯೋಕೆ ತೂಬು ಬೇಡ. ಏರಿಯ ಕೆಳಗೆ ಅಳತೆಯಿಂದ ನೀರು ಬೇಡುವ ಗದ್ದೆ ಇದ್ದಾಗ ಮಾತ್ರ ತೂಬು ಬೇಕು. ಅದರ ಮೇಲೆ ಮೂರನೆಯ ಕೆರೆ ಬೇರೆ! ಅಂದರೆ ಕ್ರಿ.ಶ. 870ರ ಹೊತ್ತಿಗೆ ಇದು ಕಾಡು ಕಡಿದು ಹೊಸದಾಗಿ ಕೂತ ಊರಲ್ಲ. ಬೆಳೆದು, ಇರುವ ನೀರು ಸಾಲದೆ ಹೋದ ಬೇಸಾಯದ ಊರು. ಒಂದೇ ವಾಕ್ಯದಲ್ಲಿ ಒಂದು ಹಳ್ಳಿಯ ಏಳಿಗೆ ಇದೆ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ಮೂಡಣ ಕೆರೆಯೇ ಇಂದಿನ ಬೆಳ್ಳಂದೂರು ಕೆರೆ ಎಂದು ಹಿಂದೊಮ್ಮೆ ಗೆಳೆಯರ ಮುಂದೆ ಹೇಳಿಬಿಟ್ಟಿದ್ದೆ. ಬೆಳ್ಳಂದೂರು ಅಗರಕ್ಕೆ ಪೂರ್ವದಲ್ಲಿದೆ, ನೀರು ಹರಿಯೋದೂ ಆ ಕಡೆಗೇ, ಕೇಳೋಕೆ ಚೆನ್ನಾಗಿದೆ. ಆದರೆ ಶಾಸನ ಕೊಡೋದು ದಿಕ್ಕನ್ನು ಮಾತ್ರ. ಕಲ್ಲು ಹೇಳದ್ದನ್ನು ಅದರ ಬಾಯಲ್ಲಿ ಹೇಳಿಸಬಾರದು. ಆ ಮಾತನ್ನು ವಾಪಸ್ ತಗೊಂಡಿದ್ದೇನೆ.

ಊರಿನ ಹೆಸರಿನ ವಿಷಯ ಹಾಗಲ್ಲ. ಇರ್ವುಲಿಯೂರು ಅಂದರೆ ಇರ್ + ಪುಲಿ, ಎರಡು ಹುಲಿಯ ಊರು. ‘ಇರ್ವರ್’ ಹೋಗಿ ‘ಇಬ್ಬರು’ ಆದ ಹಾದಿಯಲ್ಲೇ ‘ಇರ್ವುಲಿ’ ಇಬ್ಬುಲಿ ಆಗುತ್ತೆ, ಊರು ಇಬ್ಬಲೂರು. ಅಗರದ ಪಕ್ಕದಲ್ಲೇ ಇರುವ ಇಬ್ಬಲೂರು. ಧ್ವನಿ, ಜಾಗ ಎರಡೂ ಕೂಡಿ ಬರುತ್ತವೆ.

ಈ ಇಬ್ಬಲೂರಿನ ಸಿಗ್ನಲ್ಲಿನಲ್ಲಿ ದಿನಾ ಆಫೀಸಿಗೆ ಹೋಗುವಾಗ ಕಾಯುತ್ತೇನೆ. ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ ಸೇರುವ ಜಾಗ. ಗದ್ದೆ ಅಂತ ಹೇಳೋಕೆ ಏನೂ ಉಳಿದಿಲ್ಲ. ಹೆಸರು ಮಾತ್ರ ಬಸ್ಸಿನ ಬೋರ್ಡಿನಲ್ಲಿದೆ.

ಊರು ಹೇಗೆ ಮುಗೀತು ಅನ್ನೋದನ್ನು ಯಾವ ಶಾಸನವೂ ಬರೆಯಲ್ಲ. ಕಲ್ಲು ನೆಡುವುದು ಶುರುವಾಗುವಾಗ. ಆದರೂ ಅಳಿವಿನ ಕಾರಣ ಇದೇ ಶಾಸನದಲ್ಲಿದೆ, ‘ಬಿತ್ತುವಟ್ಟ’ ಎಂಬ ಮಾತಿನಲ್ಲಿ. ಕೆರೆ ಕಟ್ಟಿದವನಿಗೆ, ಕಾಯುವವನಿಗೆ ಆ ಕೆರೆಯ ನೀರಿನ ಗದ್ದೆಯಲ್ಲೇ ಸಲ್ಲುವ ಮಾನ್ಯ ಅದು. ಹೂಳು ತುಂಬಿದರೆ ಅವನ ಅನ್ನಕ್ಕೇ ಕುತ್ತು. ನಿಘಂಟು ಇದನ್ನು ‘ಒಂದು ಬಗೆಯ ದತ್ತಿ’ ಎಂದು ಮುಗಿಸಿದರೆ ಅದರ ಯಂತ್ರ ಕಾಣಲ್ಲ: ಕೆರೆ ಗದ್ದೆಯನ್ನು ಸಾಕುತ್ತೆ, ಗದ್ದೆ ಕೆರೆಯನ್ನು ಸಾಕುತ್ತೆ. ಮುಂದೆ ಕಟ್ಟುಕೊಡಗೆ ಬಂತು, ನೀರುಗಂಟಿ ಬಂದ, ಹೆಸರು ಬದಲಾದರೂ ಗಂಟು ಅದೇ. ಅದು ಬಿಚ್ಚಿದ್ದು ಅಚ್ಚುಕಟ್ಟು ಬಡಾವಣೆಯಾದಾಗ. 1980ರ ದಶಕದಿಂದ ಬೆಳೆದ ಎಚ್‌ಎಸ್‌ಆರ್ ಬಡಾವಣೆಯ ಹೆಸರನ್ನೇ ನೋಡಿ: ಹೊಸೂರು, ಸರ್ಜಾಪುರ ಎಂಬ ಎರಡು ರಸ್ತೆಗಳ ಮೊದಲಕ್ಷರ. ಹಿಂದೆ ನೀರಿನಿಂದ ಗುರುತಾಗುತ್ತಿದ್ದ ನೆಲ ಈಗ ರಸ್ತೆಯಿಂದ. ಗದ್ದೆ ಹೋದ ಮೇಲೆ ತೂಬು ಯಾರಿಗೆ ಬೇಕು? ಕೆರೆಗೆ ಚರಂಡಿ ಬಂತು. ಇದೇ ಸರಪಳಿಯ ಕೆಳಗಿನ ಬೆಳ್ಳಂದೂರು ಕೆರೆಗೆ ಫೆಬ್ರವರಿ 2017ರಲ್ಲಿ, ಮತ್ತೆ ಜನವರಿ 2018ರಲ್ಲಿ ಬೆಂಕಿಯೇ ಬಿತ್ತು.

ಗಂಗರ ಶಾಸನಗಳ ಕೊನೆಯ ಶಾಪದ ಸಾಲುಗಳನ್ನು ಸವಕಲು ಅಂತ ಬಿಟ್ಟುಬಿಡುತ್ತೇವೆ. ವಾರಣಾಸಿಯನ್ನೂ ಕವಿಲೆಗಳನ್ನೂ ಅಳಿದ ಪಾಪದ ಜೊತೆ ಕೆಲವು ಕಡೆ ಕೆರೆ, ತೋಪನ್ನು ಅಳಿದ ಪಾಪವೂ ಬರುತ್ತೆ. ಕಟ್ಟಿದವರಿಗೆ ಇದು ಅಳಿಯಬಹುದು ಅನ್ನೋ ಅಂದಾಜಿತ್ತು.

ಓದುಗರಲ್ಲಿ ಒಂದೇ ಕೋರಿಕೆ. ನಿಮ್ಮೂರಿನ ಕೆರೆ ಶಾಸನ ಸಿಕ್ಕಾಗ ರಾಜನ ಹೆಸರಿಗೆ ನಿಲ್ಲಿಸಬೇಡಿ. ತೂಬು ಎಲ್ಲಿತ್ತು, ಕೋಡಿ ಯಾವ ಕಡೆ, ಅದರ ಕೆಳಗೆ ಈಗ ಏನಿದೆ, ಅದನ್ನೂ ಪಾಠದ ಜೊತೆ ಬರೆದಿಡಿ. ಏಳಿಗೆಯನ್ನು ಕಲ್ಲು ಬರೆದಿದೆ, ಉಳಿದದ್ದನ್ನು ಬರೆಯಬೇಕಾದವರು ನಾವು.